ಗಾಳ ಹಾಕುವವರ ಲೆಕ್ಕದ ಪುಸ್ತಕ

ಗಾಳ ಹಾಕುವುದನ್ನು ನಾನು ಕಲಿತದ್ದು ನಮ್ಮೂರ ಕೆರೆ ಏರಿಯ ಮೇಲೆ, ಚಿಕ್ಕಪ್ಪನ ಪಕ್ಕ ಕೂತು. ಅವರು ಕಲಿಸಿದರು ಅಂತ ಹೇಳುವುದು ಕಷ್ಟ. ಬಾಯಿ ಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ನನ್ನ ಬೆಂಡು ಗಂಟೆಗಟ್ಟಲೆ ಅಲ್ಲಾಡದೆ ನಿಂತಿರುತ್ತಿತ್ತು, ಅವರದು ಪದೇ ಪದೇ ಮುಳುಗುತ್ತಿತ್ತು. ನಾನು ಅಳುವ ಹಾಗಾದಾಗ ಎದ್ದು ಬಂದು, ನನ್ನ ದಾರದ ಬೆಂಡನ್ನು ಎರಡು ಮೊಳ ಮೇಲಕ್ಕೆ ಜರುಗಿಸಿ, ಮತ್ತೆ ಹೋಗಿ ಕೂರುತ್ತಿದ್ದರು. ಅಷ್ಟೇ ಪಾಠ.

ನಾನೊಬ್ಬನೇ ಹೋಗಿ ಬಂದ ದಿನ ಮಾತ್ರ ಸಂಜೆ ಒಂದು ಪ್ರಶ್ನೆ ಕೇಳುತ್ತಿದ್ದರು. ಎಷ್ಟು ಮೀನು ಸಿಕ್ಕಿತು ಅಂತ ಅಲ್ಲ. "ಎಷ್ಟೊತ್ತು ಕೂತಿದ್ದೆ ಮಗ?"

ಖಾಲಿ ಕೈಲಿ ಬಂದವನನ್ನು ಚುಡಾಯಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಆ ಪ್ರಶ್ನೆಯ ಬೆಲೆ ಗೊತ್ತಾಗಿದ್ದು ಬಹಳ ತಡವಾಗಿ, ಕಾವೇರಿಯ ಬಿಳಿಮೀನಿನ ಕತೆ ಓದಿದ ಮೇಲೆ. ಗಾಳ ಹಾಕುವವರು ಒಬ್ಬರಿಂದ ಒಬ್ಬರು ಏನು ಕಲಿಯುತ್ತಾರೆ, ಹೇಗೆ ಕಲಿಯುತ್ತಾರೆ, ಎಲ್ಲಿ ಎಲ್ಲರೂ ಒಟ್ಟಿಗೇ ಮೋಸ ಹೋಗುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಆ ಎರಡು ಮೊಳದ ವಿಷಯ ಮುಗಿಸಿಬಿಡೋಣ. ನಮ್ಮ ಕೆರೆಗಳಿಗೆ ಬಿಡುವ ಮರಿಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೂರೂ ಇರುತ್ತವೆ. ಮೂರನ್ನೂ ಒಟ್ಟಿಗೆ ಬಿಡುವುದಕ್ಕೆ ಕಾರಣವಿದೆ. ಕಾಟ್ಲಾ ಮೇಲುನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ಒಂದರ ತಟ್ಟೆಗೆ ಇನ್ನೊಂದು ಜಾಸ್ತಿ ಕೈ ಹಾಕುವುದಿಲ್ಲ. ಬಾಯಿ ನೋಡಿದರೇ ಗೊತ್ತಾಗುತ್ತದೆ: ಕಾಟ್ಲಾದ ಬಾಯಿ ಮೇಲ್ಮುಖ, ಮೃಗಾಲ್‌ನದು ಕೆಳಮುಖ. ಬೆಂಡು ಇರುವುದು ಮೀನು ಕಚ್ಚಿದ್ದನ್ನು ತೋರಿಸುವುದಕ್ಕೆ ಮಾತ್ರ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಗಾಳ ಎಷ್ಟು ಆಳದಲ್ಲಿ ತೂಗಬೇಕು ಅನ್ನುವುದನ್ನೂ ಅದೇ ನಿರ್ಧರಿಸುತ್ತದೆ. ಬೆಂಡನ್ನು ದಾರದಲ್ಲಿ ಎರಡು ಮೊಳ ಮೇಲೆ ಏರಿಸಿದರೆ ಎರೆ ಎರಡು ಮೊಳ ಕೆಳಗೆ ಇಳಿಯುತ್ತದೆ. ಆ ಹೊತ್ತಿಗೆ ಮೀನು ತಳದಲ್ಲಿ ಕೆದಕುತ್ತಿದೆ ಅಂತ ಚಿಕ್ಕಪ್ಪನಿಗೆ ಗೊತ್ತಿತ್ತು. ಕೆಸರಿನಿಂದ ಏಳುವ ಸಣ್ಣ ಗುಳ್ಳೆಗಳನ್ನು ಅವರು ನೋಡಿದ್ದರು. ನಾನು ಬೆಂಡು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಈ ಥರದ ಸಣ್ಣಸಣ್ಣ ವಿಷಯ ನೂರಾರಿವೆ. ನೈಲಾನ್ ದಾರಕ್ಕೆ ಗಂಟು ಹಾಕಿ ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಬೇಕು ಅನ್ನುವುದನ್ನೇ ತಗೊಳ್ಳಿ. ಒಣ ಗಂಟನ್ನು ಬಿಗಿದರೆ ದಾರಕ್ಕೆ ದಾರ ಉಜ್ಜಿ ಬಿಸಿಯಾಗುತ್ತದೆ. ಆ ಬಿಸಿಗೆ ನೈಲಾನ್ ಅಲ್ಲೇ ದುರ್ಬಲವಾಗುತ್ತದೆ. ದೊಡ್ಡ ಮೀನು ಎಳೆದಾಗ ದಾರ ಮಧ್ಯದಲ್ಲಿ ಕಿತ್ತುಹೋಗುವುದು ಕಡಿಮೆ, ಗಂಟಿನ ಹತ್ತಿರವೇ ಜಾಸ್ತಿ. ಇದನ್ನು ಒಬ್ಬರು ಹೇಳಿದರೆ ಅರ್ಧ ನಿಮಿಷದ ಕೆಲಸ. ನಾವೇ ಕಂಡುಕೊಳ್ಳಬೇಕು ಅಂದರೆ ಐದಾರು ಒಳ್ಳೆಯ ಮೀನು ಕಳೆದುಕೊಳ್ಳಬೇಕು. ಆಗಲೂ ತಪ್ಪು ಗಂಟಿನದೇ ಅಂತ ಹೊಳೆಯುವ ಖಾತ್ರಿ ಇಲ್ಲ. ದಾರ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈದು ಸುಮ್ನಾಗುತ್ತೇವೆ.

ಗಾಳದ ವಿದ್ಯೆ ಒಬ್ಬನೇ ಕಲಿಯಲು ಕಷ್ಟವಾಗುವುದು ಇಲ್ಲೇ. ಸೈಕಲ್ ಕಲಿಯುವಾಗ ತಪ್ಪು ಮಾಡಿದರೆ ತಕ್ಷಣ ಬೀಳುತ್ತೇವೆ. ಮೊಣಕಾಲು ತರಚಿಕೊಂಡರೂ ಯಾವುದು ತಪ್ಪು ಅಂತ ಗೊತ್ತಾಗುತ್ತದೆ. ನೀರು ಹಾಗೆ ಹೇಳುವುದಿಲ್ಲ. ಮೀನು ಸಿಗಲಿಲ್ಲ ಅಂದರೆ ಎರೆ ತಪ್ಪಿರಬಹುದು, ಆಳ ತಪ್ಪಿರಬಹುದು, ಹೊತ್ತು ತಪ್ಪಿರಬಹುದು, ಆ ಜಾಗದಲ್ಲಿ ಮೀನೇ ಇಲ್ಲದಿರಬಹುದು. ಸಿಕ್ಕಿತು ಅಂದರೂ ಯಾಕೆ ಸಿಕ್ಕಿತು ಅಂತ ಗೊತ್ತಿಲ್ಲ. ಒಂದು ಭಾನುವಾರದಲ್ಲಿ ಒಬ್ಬನಿಗೆ ಆಗುವ ಅನುಭವ ಎರಡೋ ಮೂರೋ ಕಚ್ಚು. ಅಷ್ಟರಿಂದ ಯಾವ ನಿಯಮವನ್ನೂ ಮಾಡಲಾಗುವುದಿಲ್ಲ. ಹತ್ತು ಜನರ ಹತ್ತು ಭಾನುವಾರ ಸೇರಿದರೆ ಏನೋ ಒಂದು ಆಕಾರ ಕಾಣಿಸತೊಡಗುತ್ತದೆ. ಕೆರೆ ಏರಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತ ನಾಲ್ಕು ಜನ, ಗಾಳದ ಸಾಮಾನಿನ ಅಂಗಡಿಯ ಮುಂದೆ ನಿಂತು ಹರಟುವವರು, ಈಗ ಫೋನಿನಲ್ಲಿ ಗುಂಪು ಕಟ್ಟಿಕೊಂಡವರು ಎಲ್ಲರೂ ಮಾಡುವುದು ಇದನ್ನೇ. ಬೇರೆಯವರ ಭಾನುವಾರಗಳನ್ನು ಸಾಲ ತಗೊಳ್ಳುವುದು.

ಆದರೆ ಆ ಸಾಲದಲ್ಲಿ ಎರಡು ಕಳ್ಳತನಗಳಿವೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ: ಜಾಗ ಹೇಳುವುದಿಲ್ಲ. ಯಾವ ಎರೆ, ಯಾವ ಗಾಳ, ಎಷ್ಟು ಗಂಟೆಗೆ ಎಲ್ಲವನ್ನೂ ಪ್ರೀತಿಯಿಂದ ಹೇಳುತ್ತಾರೆ. ಎಲ್ಲಿ ಅಂತ ಕೇಳಿದರೆ "ಅಲ್ಲೇ ಹೊಳೆ ಕಡೆ" ಅನ್ನುತ್ತಾರೆ. ಫೋಟೋದಲ್ಲಿ ಹಿಂದಿನ ಬಂಡೆ, ಮರ, ಗುಡಿ ಕಾಣದ ಹಾಗೆ ಕತ್ತರಿಸಿರುತ್ತಾರೆ. ಇದರಲ್ಲಿ ಬರೀ ಜಿಪುಣತನ ಇಲ್ಲ. ಒಂದು ಮಡುವಿನ ಹೆಸರು ಹೊರಬಿದ್ದರೆ ಮುಂದಿನ ವಾರ ಅಲ್ಲಿ ಮೂವತ್ತು ಜನ, ಅದರ ಮುಂದಿನ ವಾರ ಬಲೆ, ಆಮೇಲೆ ಸಿಡಿಮದ್ದು. ಹೀಗಾಗಿದ್ದನ್ನು ನೋಡಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ.

ಎರಡನೆಯದು ಯಾರ ಗಮನಕ್ಕೂ ಬರುವುದಿಲ್ಲ. ಮೀನು ಸಿಗದ ದಿನವನ್ನು ಯಾರೂ ಹೇಳುವುದಿಲ್ಲ. ಸಿಕ್ಕ ಮೀನಿಗೆ ಫೋಟೋ ಇದೆ, ಕತೆ ಇದೆ. ಸಿಗದ ಐದು ಗಂಟೆಗೆ ಏನಿದೆ? ಹಾಗಾಗಿ ಕೇಳಿಸಿಕೊಳ್ಳುವ ಹೊಸಬನಿಗೆ ಹೊಳೆಯ ತುಂಬಾ ಮೀನೇ ಇದೆ ಅನ್ನಿಸುತ್ತದೆ. ಚಿಕ್ಕಪ್ಪ ಕೇಳುತ್ತಿದ್ದದ್ದು ಈ ಎರಡನೆಯದನ್ನೇ.

ಮಂಗಳೂರಿನಿಂದ ಗಾಲಿಬೋರೆವರೆಗೆ

ನಮ್ಮ ಕಡೆ ಗಾಳದವರು ಕಲಿತದ್ದನ್ನು ಬರೆದಿಡುವ ಕೆಲಸ ಬಹಳ ಹಿಂದೆಯೇ ಶುರುವಾಗಿದೆ. ಭಾರತದಲ್ಲಿ ಗಾಳದ ಬೇಟೆಯ ಬಗ್ಗೆ ಬ್ರಿಟಿಷರ ಕಾಲದಲ್ಲಿ ಎಲ್ಲರೂ ಇಟ್ಟುಕೊಳ್ಳುತ್ತಿದ್ದ ಕೈಪಿಡಿ, ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ', ಅಚ್ಚಾಗಿದ್ದು ಲಂಡನ್ನಿನಲ್ಲಲ್ಲ. 1873ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್‌ನವರ ಮೂಲಕ. ಥಾಮಸ್ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಆಳುವವರ ಮೋಜಿಗೆ ಬರೆದದ್ದು ಅಂತ ಪಕ್ಕಕ್ಕಿಡಬಹುದು. ಆದರೆ ಸಣ್ಣ ಕಣ್ಣಿನ ಬಲೆ ಮರಿಮೀನುಗಳನ್ನೆಲ್ಲ ಬಾಚಿಕೊಂಡು ಹೋದರೆ ಹೊಳೆಯಲ್ಲಿ ಏನುಳಿಯುತ್ತದೆ ಅನ್ನುವ ಚಿಂತೆ ಅವರಿಗೂ ಇತ್ತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಹಾಕುವುದನ್ನೂ ಅಪರಾಧ ಮಾಡಿತು. ಕಾಯ್ದೆಗೆ ನೂರಿಪ್ಪತ್ತೈದು ವರ್ಷ ದಾಟಿದೆ. ಸಿಡಿಮದ್ದು ಇನ್ನೂ ಸದ್ದು ಮಾಡುತ್ತಲೇ ಇದೆ.

ಆ ಕಾಲದವರೆಲ್ಲ ಬೆನ್ನು ಹತ್ತಿದ್ದು ಬಿಳಿಮೀನಿಗೆ. ಇಂಗ್ಲಿಷಿನವರು ಮಹಸೀರ್ ಅಂದರು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿದವರಿಗೆಲ್ಲ ಈ ಕುಟುಂಬದ ಪರಿಚಯ ಇದೆ. ಅಲ್ಲಿ ದೇವರ ಮೀನು, ಮುಟ್ಟುವ ಹಾಗಿಲ್ಲ. ಕಾವೇರಿ, ಕಬಿನಿಗಳಲ್ಲಿ ಇದರ ದೈತ್ಯರಿದ್ದವು. ಬೆನ್ನು ಗೂನಿನ ಹಾಗೆ ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಯ ಮೀನು. 1919ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ 119 ಪೌಂಡಿನದು ಸಿಕ್ಕಿತು. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದು, ಅಂದರೆ 54 ಕೆ.ಜಿ. ಹಿಡಿದವರು ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು. ಸತ್ತ ಹುಲಿ, ಚಿರತೆಗಳಿಗೆ ಹೊಟ್ಟು ತುಂಬಿ ಜೀವಂತದ ಹಾಗೆ ನಿಲ್ಲಿಸುವುದಕ್ಕೆ ಹೆಸರಾಗಿದ್ದ ಅದೇ ಮನೆತನ. ಗಾಳದಲ್ಲಿ ಸಿಕ್ಕ ದೊಡ್ಡ ಬಿಳಿಮೀನುಗಳ ಮಾತು ಬಂದರೆ ಇವತ್ತಿಗೂ ಅದನ್ನು ನೆನೆಯುತ್ತಾರೆ.

ಸ್ವಾತಂತ್ರ್ಯ ಬಂದ ಮೇಲೆ ಕೆಲವು ದಶಕ ಈ ಮೀನಿನ ಸುದ್ದಿಯೇ ಅಡಗಿತು. ಹೊರಗಿನವರು ಕಾವೇರಿಯಲ್ಲಿ ಇನ್ನು ದೊಡ್ಡ ಮೀನಿಲ್ಲ ಅಂದುಕೊಂಡರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳದ ಹುಚ್ಚರು ಊರೂರು ತಿರುಗಿ ಕೊನೆಗೆ ಕಾವೇರಿಯಲ್ಲಿ ದೈತ್ಯ ಮೀನುಗಳನ್ನು ಹಿಡಿದರು. ವಿದೇಶದ ಪತ್ರಿಕೆಗಳಲ್ಲಿ ಮೀನು 'ಮರುಶೋಧ'ವಾಯಿತು. ನದಿ ದಂಡೆಯ ಊರಿನವರು ನಕ್ಕಿರಬೇಕು. ಅವರ ಪಾಲಿಗೆ ಅದು ಕಳೆದೇ ಹೋಗಿರಲಿಲ್ಲ.

ಅಷ್ಟರಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಹುಟ್ಟಿತ್ತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಎಲ್ಲರೂ ಅದನ್ನು 'ವಾಸಿ' ಅನ್ನುತ್ತಾರೆ. ಗಾಳದವರೇ ಸೇರಿ ಕಾವೇರಿಯ ಒಂದು ಪಾತ್ರವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ದುಬಾರೆ ಕಡೆಯ ವಾಲ್ನೂರಿನಲ್ಲಿ ಇದೇ ಕೆಲಸ ಮಾಡಿತು. ಸರ್ಕಾರದ ಜಂಗಲ್ ಲಾಡ್ಜಸ್‌ನವರು ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಶಿಬಿರ ತೆರೆದರು. ನಿಯಮ ಒಂದೇ: ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ವಾಪಸ್ ನೀರಿಗೆ ಬಿಡಬೇಕು.

ಈ ಶಿಬಿರಗಳಲ್ಲಿ ನಿಜವಾದ ಮೇಷ್ಟ್ರುಗಳು ದಂಡೆಯ ಹಳ್ಳಿಗಳವರು. ಅವರನ್ನು ಗಿಲ್ಲಿ ಅಂತ ಕರೆಯುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಬೇಟೆಗಾರನ ಜೊತೆಗಾರನಿಗೆ ಇರುವ ಹೆಸರು, ಕಾವೇರಿಗೆ ಬಂದು ನಮ್ಮ ಗಿಲ್ಲಿದಾಂಡಿನ ಗಿಲ್ಲಿಯ ಹಾಗೆ ಕೇಳಿಸತೊಡಗಿತು. ಇವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಯಾವ ಬಂಡೆಯ ಹಿಂದೆ ಮೀನು ನಿಲ್ಲುತ್ತದೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲಕ್ಷಾಂತರ ರೂಪಾಯಿಯ ರಾಡು, ರೀಲು ಹೊತ್ತು ತಂದ ಅತಿಥಿ, ಬರಿಗಾಲಲ್ಲಿ ತೆಪ್ಪ ನಡೆಸುವವನ ಬೆರಳು ತೋರಿಸಿದ ಕಡೆ ಎಸೆಯುತ್ತಿದ್ದ.

ಅವರು ಓದುತ್ತಿದ್ದದ್ದು ಹರಿವನ್ನು. ಬಿಳಿಮೀನು ರಭಸದ ನೀರಿನ ಮೀನು ನಿಜ, ಆದರೆ ದಿನವಿಡೀ ರಭಸಕ್ಕೆ ಎದುರು ಈಜುತ್ತಾ ಸುಸ್ತಾಗುವಷ್ಟು ದಡ್ಡ ಅಲ್ಲ. ಬಂಡೆಯ ಹಿಂದೆ ನೀರು ನಿಧಾನವಾಗುವ ಕಡೆ ನಿಂತು, ಪಕ್ಕದ ಓಟದಲ್ಲಿ ತೇಲಿ ಬರುವುದಕ್ಕೆ ಕಾಯುತ್ತದೆ. ಹಾಗಾಗಿ ಎರೆಯನ್ನು ಓಟಕ್ಕೂ ನಿಂತ ನೀರಿಗೂ ನಡುವಿನ ಗೆರೆಯ ಮೇಲೆ ಇಳಿಬಿಡಬೇಕು. ಬೇಸಿಗೆಯಲ್ಲಿ ಆ ಗೆರೆ ಒಂದು ಕಡೆ, ಮೇಲಿನಿಂದ ನೀರು ಬಿಟ್ಟಾಗ ಇನ್ನೊಂದು ಕಡೆ. ನೀರಿನ ಮಟ್ಟ ಬೆಳಿಗ್ಗೆಯಿಂದ ಸಂಜೆಗೆ ಬದಲಾಗುವ ನದಿಯಲ್ಲಿ ಇದನ್ನು ನಕ್ಷೆ ನೋಡಿ ಕಲಿಯುವುದು ಹೇಗೆ? ಜೊತೆಗೆ ಕೂತೇ ಕಲಿಯಬೇಕು.

ಎರೆ ಏನು ಗೊತ್ತಾ? ನಮ್ಮ ರಾಗಿ ಮುದ್ದೆ. ತಮಾಷೆ ಅಲ್ಲ. ರಾಗಿ ಹಿಟ್ಟು ಕಲಸಿ, ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಉಂಡೆ ಮಾಡಿ, ರಬ್ಬರಿನ ಹಾಗೆ ಗಟ್ಟಿಯಾಗುವವರೆಗೆ ಬೇಯಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಮಸಾಲೆ, ಅದನ್ನು ಕೇಳಿದರೆ ಮತ್ತೆ "ಅಲ್ಲೇ ಹೊಳೆ ಕಡೆ" ಥರದ ಉತ್ತರ. ಗಟ್ಟಿ ಯಾಕೆ ಅಂದರೆ ರಭಸದಲ್ಲಿ ಕರಗಬಾರದು, ಸಣ್ಣ ಮೀನುಗಳು ಕಚ್ಚಿ ಕಚ್ಚಿ ಮುಗಿಸಬಾರದು. ಬಿಳಿಮೀನಿಗೆ ತುಟಿಯ ಹತ್ತಿರ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ಏಡಿಯ ಚಿಪ್ಪನ್ನು ಪುಡಿ ಮಾಡುವ ಶಕ್ತಿ ಆ ಗಂಟಲಿಗಿದೆ. ಗಟ್ಟಿ ಉಂಡೆ ಅದಕ್ಕೆ ಲೆಕ್ಕಕ್ಕಿಲ್ಲ.

ಬಿಡುವುದೂ ಒಂದು ವಿದ್ಯೆ

ಹಿಡಿದು ಬಿಡುತ್ತೇವೆ ಅಂದ ಮಾತ್ರಕ್ಕೆ ಮೀನು ಬದುಕುತ್ತದೆ ಅಂತಲ್ಲ. ಅದನ್ನೂ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಬೇಕು. ಅರ್ಧ ಗಂಟೆ ಎಳೆದಾಡಿದ ಮೀನಿನ ಸ್ಥಿತಿ ಮ್ಯಾರಥಾನ್ ಓಡಿ ಬಿದ್ದವನ ಹಾಗೆ. ಮಾಂಸಖಂಡದಲ್ಲಿ ಆಮ್ಲ ತುಂಬಿರುತ್ತದೆ, ಉಸಿರಿಗೆ ನೀರು ಬೇಕು. ಆಗ ಅದನ್ನು ಬಿಸಿಲಿಗೆ ಕಾದ ಬಂಡೆಯ ಮೇಲೆ ಮಲಗಿಸಿ ಐದು ನಿಮಿಷ ಫೋಟೋ ತೆಗೆದರೆ, ಈಜಿ ಹೋದ ಹಾಗೆ ಕಂಡರೂ ಆಮೇಲೆ ಸಾಯಬಹುದು. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಆ ಲೋಳೆಯೇ ಸೋಂಕಿನಿಂದ ಕಾಪಾಡುವ ಹೊದಿಕೆ. ಆದ್ದರಿಂದ ಕೈ ಒದ್ದೆ ಮಾಡಿಕೊಳ್ಳಬೇಕು, ಮೀನನ್ನು ನೀರಲ್ಲೇ ಇಟ್ಟುಕೊಳ್ಳಬೇಕು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ಅದು ತಾನಾಗಿ ಬಾಲ ಬೀಸುವವರೆಗೆ ಕಾಯಬೇಕು. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಬಿಟ್ಟರೆ ಗಾಳ ಸಲೀಸಾಗಿ ಬಿಡಿಸಿಕೊಳ್ಳುತ್ತದೆ.

ತೂಗುವುದಕ್ಕೆಂದು ಮೀನನ್ನು ತಕ್ಕಡಿಗೆ ನೇತುಹಾಕುವುದೂ ಅದಕ್ಕೆ ಹಿಂಸೆ. ಅದಕ್ಕೆ ಟೇಪಿನ ಲೆಕ್ಕ ಬಂತು. ಹೊಟ್ಟೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ತೂಕ ಸುಮಾರಾಗಿ ಸಿಗುತ್ತದೆ. ಅಳತೆ ಇಂಚಿನಲ್ಲಿ, ತೂಕ ಪೌಂಡಿನಲ್ಲಿ. 40 ಇಂಚು ಉದ್ದ, 24 ಇಂಚು ಸುತ್ತಳತೆ ಇದ್ದರೆ 28.8 ಪೌಂಡು, ಹತ್ತಿರಹತ್ತಿರ 13 ಕೆ.ಜಿ. ದಪ್ಪ ಎರಡು ಸಲ ಗುಣಿಸಿಕೊಳ್ಳುವುದರಿಂದ ಒಂದಿಂಚು ಸುತ್ತಳತೆ ಜಾಸ್ತಿ ಹೇಳಿದರೂ ತೂಕ ಎರಡು ಪೌಂಡಿಗಿಂತ ಜಾಸ್ತಿ ಏರುತ್ತದೆ. ಗಾಳದವರ ಬಾಯಲ್ಲಿ ಮೀನು ಬೆಳೆಯುವುದು ಇಲ್ಲೇ.

ಆ ಪುಸ್ತಕ ಹೇಳಿದ್ದು

ಗಾಲಿಬೋರೆಯಲ್ಲಿ ಇನ್ನೊಂದು ಅಭ್ಯಾಸ ಇತ್ತು. ಬಂದ ಅತಿಥಿಗಳು ಯಾವತ್ತು, ಎಷ್ಟು ಗಂಟೆ ಗಾಳ ಹಾಕಿದರು, ಯಾವ ಥರದ ಮೀನು ಸಿಕ್ಕಿತು, ತೂಕ ಎಷ್ಟು ಅನ್ನುವುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಬರೆದವರಿಗೆ ಅದು ಹೆಮ್ಮೆಯ ದಾಖಲೆ. ಸಂಜೆ ಬೆಂಕಿಯ ಮುಂದೆ ಯಾರದು ದೊಡ್ಡದು ಅನ್ನುವ ಜಗಳಕ್ಕೆ ಸಾಕ್ಷಿ. ಅದಕ್ಕಿಂತ ಜಾಸ್ತಿ ಯಾರೂ ಯೋಚಿಸಿರಲಾರರು.

ವರ್ಷಗಳಾದ ಮೇಲೆ ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಆಡ್ರಿಯನ್ ಪಿಂಡರ್, ಕೇರಳದ ಮೀನುವಿಜ್ಞಾನಿ ರಾಜೀವ್ ರಾಘವನ್ ಮತ್ತು ಜೊತೆಗಾರರು ಈ ದಾಖಲೆಗಳನ್ನು ಲೆಕ್ಕಕ್ಕೆ ಹಚ್ಚಿದರು. 1998ರಿಂದ 2012ರವರೆಗಿನ ಲೆಕ್ಕ. ಗಾಳ ಹಾಕಿದ ಹೊತ್ತು 23 ಸಾವಿರ ಗಂಟೆಗೂ ಜಾಸ್ತಿ, ಸಿಕ್ಕ ಮೀನು 6 ಸಾವಿರಕ್ಕೂ ಜಾಸ್ತಿ. ಅಂದರೆ ಒಂದು ಮೀನಿಗೆ ಸುಮಾರು ನಾಲ್ಕು ಗಂಟೆ. ಪತ್ರಿಕೆಗಳ ಬಣ್ಣದ ಚಿತ್ರಗಳಲ್ಲಿ ಈ ನಾಲ್ಕು ಗಂಟೆ ಎಲ್ಲೂ ಕಾಣಿಸುವುದಿಲ್ಲ, ಅಲ್ವಾ?

ಗಂಟೆ ಬರೆದಿಟ್ಟದ್ದರಿಂದಲೇ ಈ ಪುಸ್ತಕಕ್ಕೆ ಬೆಲೆ ಬಂದದ್ದು. ಒಂದು ವರ್ಷ 300 ಮೀನು, ಮುಂದಿನ ವರ್ಷ 450 ಸಿಕ್ಕಿತು ಅಂತಿಟ್ಟುಕೊಳ್ಳಿ. ಮೀನು ಜಾಸ್ತಿಯಾಯಿತೇ? ಹೇಳಲಾಗದು. ಎರಡನೇ ವರ್ಷ ಅತಿಥಿಗಳೇ ಎರಡು ಪಟ್ಟು ಬಂದಿದ್ದರೆ ನಿಜದಲ್ಲಿ ಮೀನು ಕಡಿಮೆಯಾಗಿದೆ. ಒಟ್ಟು ಮೀನನ್ನು ಒಟ್ಟು ಗಂಟೆಯಿಂದ ಭಾಗಿಸಿದರೆ ಮಾತ್ರ ಎರಡು ವರ್ಷಗಳನ್ನು ಪಕ್ಕಪಕ್ಕ ಇಡಬಹುದು. ಸಿಗದ ದಿನಗಳನ್ನು ಬಿಟ್ಟು ಬರೆದಿದ್ದರೆ ಈ ಭಾಗಾಕಾರವೇ ಸುಳ್ಳಾಗುತ್ತಿತ್ತು.

ಭಾಗಿಸಿ ನೋಡಿದಾಗ ಮೊದಲು ಕಂಡದ್ದು ಒಳ್ಳೆಯ ಸುದ್ದಿ. ಗಂಟೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಏರಿತ್ತು. ಕಾವಲು ಫಲ ಕೊಟ್ಟಿದೆ, ಹಿಡಿದು ಬಿಡುವುದು ಫಲ ಕೊಟ್ಟಿದೆ. ಜೊತೆಗೆ ಸರಾಸರಿ ತೂಕ ಇಳಿದಿತ್ತು. ಅದೂ ಒಳ್ಳೆಯದೇ ಅನ್ನಬಹುದು. ಮರಿಗಳು ಜಾಸ್ತಿ ಬರುತ್ತಿವೆ ಅಂತ ಅರ್ಥ. ಗಾಳದವರು ಬೆನ್ನು ತಟ್ಟಿಕೊಳ್ಳಲು ಕಾರಣ ಇತ್ತು.

ಆದರೆ ಆ ಪುಸ್ತಕದಲ್ಲಿ ಮೀನಿನ ಥರವನ್ನೂ ಬರೆದಿದ್ದರು. ಕಾವೇರಿಯ ಆ ಪಾತ್ರದಲ್ಲಿ ಎರಡು ಥರದ ಬಿಳಿಮೀನು ಸಿಗುತ್ತಿದ್ದವು. ಒಂದು ಹಳೆಯ ಗೂನುಬೆನ್ನಿನದು. ಇನ್ನೊಂದು ನೀಲಿ ರೆಕ್ಕೆಯದು. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದಾಗ ಚಿತ್ರ ಪೂರ್ತಿ ತಿರುಗಿತು. ಏರಿಕೆಯೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನು ಇಳಿಯುತ್ತಲೇ ಹೋಗಿತ್ತು. ಅಪರೂಪಕ್ಕೆ ಸಿಕ್ಕ ಗೂನುಬೆನ್ನುಗಳ ಸರಾಸರಿ ತೂಕ ಮಾತ್ರ ಏರಿತ್ತು.

ಈ ತೂಕದ ಏರಿಕೆ ಕೇಳಲು ಹಿತವಾಗಿದೆ, ಅದೇ ಎಲ್ಲಕ್ಕಿಂತ ಕೆಟ್ಟ ಸುದ್ದಿ. ಹಳ್ಳಿಯೊಂದರ ಜನರ ಸರಾಸರಿ ವಯಸ್ಸು ವರ್ಷ ವರ್ಷ ಏರುತ್ತಿದೆ ಅಂದುಕೊಳ್ಳಿ. ಜನ ಗಟ್ಟಿಮುಟ್ಟಾಗಿ ಬಹಳ ಕಾಲ ಬದುಕುತ್ತಿದ್ದಾರೆ ಅಂತ ಖುಷಿಪಡಬಹುದು. ಆಮೇಲೆ ಆ ಊರಿನ ಸರ್ಕಾರಿ ಶಾಲೆಗೆ ಹೋಗಿ ನೋಡಿದರೆ ಒಂದನೇ ತರಗತಿಗೆ ಸೇರಲು ಮಕ್ಕಳೇ ಇಲ್ಲ. ಗೂನುಬೆನ್ನಿನ ವಿಷಯದಲ್ಲಿ ಆದದ್ದು ಇದೇ. ಇದ್ದ ಮುದುಕರು ದಪ್ಪಗಾಗುತ್ತಿದ್ದರು, ಹೊಸ ಮರಿಗಳು ಬರುತ್ತಿರಲಿಲ್ಲ.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದರ ಹೆಸರು ಟಾರ್ ಖುದ್ರಿ. 1839ರಲ್ಲಿ ಪುಣೆ ಕಡೆಯ ನದಿಯ ಮೀನಿನಿಂದ ವಿಜ್ಞಾನಕ್ಕೆ ಪರಿಚಯವಾದದ್ದು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಇದನ್ನು ಕೃತಕವಾಗಿ ಮರಿ ಮಾಡಿಸಿ ಬೇರೆ ಬೇರೆ ರಾಜ್ಯಗಳಿಗೆ ಕೊಟ್ಟರು. ಕಾವೇರಿಗೂ ಬಂತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಬಿಳಿಮೀನು ಕಡಿಮೆಯಾಗಿದೆ, ಬಿಳಿಮೀನಿನ ಮರಿ ಬಿಟ್ಟರಾಯಿತು ಅಂತ. ಎರಡೂ 'ಬಿಳಿಮೀನೇ' ಅಂದುಕೊಂಡದ್ದೇ ಎಡವಟ್ಟು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಇವೆಲ್ಲ ಮೊದಲೇ ಗೂನುಬೆನ್ನನ್ನು ಹಣ್ಣು ಮಾಡಿದ್ದವು. ಅದರ ಮೇಲೆ ಅದೇ ಜಾಗ, ಅದೇ ಊಟಕ್ಕೆ ಪಾಲು ಕೇಳುವ ನೆಂಟ ಬಂದು ಕೂತ.

ಇನ್ನೊಂದು ವಿಚಿತ್ರ ಕೇಳಿ. ನೂರೈವತ್ತು ವರ್ಷ ಪ್ರಪಂಚದ ಗಾಳದವರೆಲ್ಲ ಜಪ ಮಾಡಿದ ಈ ಗೂನುಬೆನ್ನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಒಬ್ಬರು ಒಂದು ಹೆಸರು, ಇನ್ನೊಬ್ಬರು ಇನ್ನೊಂದು. ಹೆಸರಿಲ್ಲದ ಜೀವಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಲಾಗುವುದಿಲ್ಲ. ರೇಷನ್ ಕಾರ್ಡಿಗೆ ಹೆಸರೇ ಇಲ್ಲದೆ ಅರ್ಜಿ ಹಾಕಿದ ಹಾಗೆ. 2018ರಲ್ಲಿ ಸಂಶೋಧಕರು ಡಿಎನ್ಎ ಮತ್ತು ಮೈಕಟ್ಟು ಎರಡನ್ನೂ ಹೋಲಿಸಿ, ಇದು ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ಹೆಸರಿಸಿದ್ದ ಟಾರ್ ರೆಮಾದೇವಿ ಅಂತ ತೋರಿಸಿದರು. ಮೀನುವಿಜ್ಞಾನಿ ಕೆ. ರೆಮಾ ದೇವಿ ಅವರ ಹೆಸರು ಅದು. ಪಾಂಬಾರ್ ಕೂಡ ಕೊನೆಗೆ ಕಾವೇರಿಗೇ ಸೇರುವ ನೀರು. ಅದೇ ವರ್ಷ ಐಯುಸಿಎನ್ ಅನ್ನುವ ಜಾಗತಿಕ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅದಕ್ಕೆ ಅತ್ಯಂತ ಅಪಾಯದ ದರ್ಜೆ ಸಿಕ್ಕಿತು. ನೀಲಿ ರೆಕ್ಕೆಯ ನೆಂಟನನ್ನು ಅದೇ ಸುತ್ತಿನಲ್ಲಿ ಅಪಾಯದ ಪಟ್ಟಿಯಿಂದ ಇಳಿಸಿದರು.

ಹಾಗಾದರೆ ಸ್ಥಳದಲ್ಲೇ ಇದ್ದ ಗಾಳದವರಿಗೆ ಇದು ಯಾಕೆ ಕಾಣಲಿಲ್ಲ? ಹಳಬರಿಗೆ ಕಂಡಿತ್ತು ಅಂತಲೇ ನನ್ನ ಅಂದಾಜು. "ಈಗ ಮುಂಚಿನ ಥರದ ಮೀನಿಲ್ಲ" ಅನ್ನುವ ಮಾತು ಯಾವ ಹೊಳೆ ದಂಡೆಯಲ್ಲಿ ಇಲ್ಲ ಹೇಳಿ? ಆದರೆ ಹಳಬರು ಯಾವಾಗಲೂ ಹಾಗೇ ಹೇಳುತ್ತಾರೆ ಅಂತ ಹೊಸಬರು ನಗುತ್ತಾರೆ. ಹೊಸದಾಗಿ ಬಂದವನಿಗೆ ದಿನಕ್ಕೆ ಎರಡು ಮೂರು ನೀಲಿ ರೆಕ್ಕೆ ಸಿಕ್ಕಿದರೆ ಅವನ ಪಾಲಿಗೆ ಹೊಳೆ ತುಂಬಿದೆ. ಪ್ರತಿಯೊಬ್ಬನೂ ತಾನು ಕಾಲಿಟ್ಟ ದಿನದ ಹೊಳೆಯನ್ನೇ ಸರಿಯಾದ ಹೊಳೆ ಅಂದುಕೊಳ್ಳುತ್ತಾನೆ. ಬಾಯಿಮಾತಿನ ಕಲಿಕೆ ಎಡವುವುದು ಇಲ್ಲಿ. ಗಂಟು, ಎರೆ, ಬಂಡೆಯ ಹಿಂದಿನ ನೀರು ಇವನ್ನು ಬಾಯಿಮಾತು ಚೆನ್ನಾಗಿ ದಾಟಿಸುತ್ತದೆ. ಹದಿನೈದು ವರ್ಷದ ನಿಧಾನ ಬದಲಾವಣೆಯನ್ನು ಹಿಡಿಯಲು ಅದಕ್ಕೆ ಆಗುವುದಿಲ್ಲ.

ಆ ದಾಖಲೆ 2012ಕ್ಕೆ ನಿಂತಿತು. ಆ ಪಾತ್ರ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಧಾಮದೊಳಗೆ ಮೋಜಿಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ಹೊಂದುವುದಿಲ್ಲ ಅನ್ನುವ ನಿಲುವು ಗಟ್ಟಿಯಾಗಿ ಶಿಬಿರಗಳಲ್ಲಿ ಗಾಳ ನಿಂತಿತು. ಗಾಳದವರು ಇವತ್ತಿಗೂ ಈ ಬಗ್ಗೆ ಕುದಿಯುತ್ತಾರೆ. ನಾವು ಹೋದ ಮೇಲೆ ಕಾವಲಿನವರ ಸಂಬಳ ನಿಂತಿತು, ಸಿಡಿಮದ್ದಿನವರು ವಾಪಸ್ ಬಂದರು ಅನ್ನುತ್ತಾರೆ. ಎದುರು ಕಡೆಯವರು, ಆನೆಯನ್ನು ಹಗ್ಗ ಹಾಕಿ ಎಳೆದಾಡಿ ಫೋಟೋ ತೆಗೆದು ಬಿಟ್ಟರೆ ಒಪ್ಪುತ್ತೀರಾ, ಮೀನಾದರೆ ಯಾಕೆ ಬೇರೆ ನ್ಯಾಯ ಅಂತ ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ, ನಾನೇ ಗಾಳ ಹಾಕುವವನಾದರೂ. ಆದರೆ ಗಾಳ ನಿಲ್ಲಿಸಿದವರು ಲೆಕ್ಕವನ್ನಾದರೂ ಬೇರೆ ಯಾವುದಾದರೂ ರೀತಿಯಲ್ಲಿ ಮುಂದುವರಿಸಬೇಕಿತ್ತು ಅನ್ನಿಸುತ್ತದೆ. ವಲಸೆ ಹಕ್ಕಿಗಳಿಗೆ ಎಣಿಸುವವರಿದ್ದಾರೆ, ಹುಲಿಗೆ ಕ್ಯಾಮೆರಾ ಇದೆ. ಕಲಕಿದ ನೀರಿನೊಳಗಿನ ಮೀನನ್ನು ಎಣಿಸಲು ಗಾಳದಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ.

ಆ ಲೆಕ್ಕವೂ ಪೂರ್ತಿ ಶುದ್ಧ ಅಂತ ನಂಬಬೇಡಿ. ಬಿಟ್ಟ ಮೀನೇ ಮತ್ತೆ ಸಿಕ್ಕಿ ಎರಡು ಸಲ ಎಣಿಕೆಯಾಗಿರಬಹುದು. ದೊಡ್ಡದನ್ನೇ ಬಯಸಿ ದೊಡ್ಡ ಉಂಡೆ ಹಾಕಿದವನಿಗೆ ಮರಿ ಸಿಗುವುದಿಲ್ಲ, ಹಾಗಂತ ಮರಿ ಇಲ್ಲ ಅಂತಲ್ಲ. ಗಿಲ್ಲಿ ಚುರುಕಾಗಿದ್ದ ವರ್ಷ ಮೀನು ಜಾಸ್ತಿ ಬರೆದಿರಬಹುದು. ಸಾವಿರಾರು ಗಂಟೆ ಸೇರಿದಾಗ ಇಂಥ ಸಣ್ಣ ತಪ್ಪುಗಳ ಪಾಲು ಚಿಕ್ಕದಾಗುತ್ತಾ ಹೋಗುತ್ತದೆ.

ಹೊಸದಾಗಿ ಗಾಳ ಹಿಡಿದವರು ಕೇಳಿದರೆ ನಾನು ಮೊದಲು ಹೇಳುವುದು ಕೆರೆಯ ಗುತ್ತಿಗೆ ಯಾರದು, ಅನುಮತಿ ಯಾರು ಕೊಡುತ್ತಾರೆ ಅಂತ ವಿಚಾರಿಸಿ ಅಂತ. ನಮ್ಮ ಬಹಳಷ್ಟು ಕೆರೆಗಳ ಮೀನು ಸಹಕಾರ ಸಂಘದ್ದೋ ಗುತ್ತಿಗೆದಾರರದ್ದೋ ಆಗಿರುತ್ತದೆ. ಆಮೇಲೆ ದಂಡೆಯಲ್ಲಿ ಒಬ್ಬ ಹಳಬರನ್ನು ಹುಡುಕಿ ಸುಮ್ನೆ ಪಕ್ಕ ಕೂರಿ. ಮೊದಲ ದಿನವೇ ಪ್ರಶ್ನೆ ಬೇಡ, ಟೀ ತಂದುಕೊಡಿ. ಅವರ ಬೆಂಡು ಎಲ್ಲಿದೆ, ಎಷ್ಟು ಸಲ ಎರೆ ಬದಲಿಸಿದರು, ಯಾವಾಗ ಎದ್ದು ಜಾಗ ಬದಲಿಸಿದರು ನೋಡಿ. ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇರಲಿ.

ನನ್ನದರಲ್ಲಿ ಈ ವರ್ಷದ ಪುಟಗಳಲ್ಲಿ ಜಿಲೇಬಿ ಮೀನೇ, ಅಂದರೆ ತಿಲಾಪಿಯಾನೇ, ತುಂಬಿದೆ. ಚಿಕ್ಕಪ್ಪನ ಕಾಲದಲ್ಲಿ ಅದೇ ಏರಿಯ ಮೇಲೆ ಇಷ್ಟು ಜಿಲೇಬಿ ಇತ್ತಾ ಅಂತ ಕೇಳೋಣ ಅಂದರೆ ಅವರಿಲ್ಲ, ಅವರು ಬರೆದಿಡಲೂ ಇಲ್ಲ. ಕಳೆದ ಭಾನುವಾರದ ಸಾಲು ಹೀಗಿದೆ: ಬೆಳಿಗ್ಗೆ 6ರಿಂದ 9. ಮೋಡ. ಎರೆಹುಳು, ಆಮೇಲೆ ಮೈದಾ. ಜಿಲೇಬಿ 2, ಅಂಗೈಯಷ್ಟು. ಮೃಗಾಲ್ ಇಲ್ಲ.